ಆಡಿನ ಕೆಳಗಿನ ಸಾಲು

ನನಗೆ ಬದನೆಕಾಯಿ ಕಂಡರೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನನ್ನ ಚೌಕದಲ್ಲಿ ಬೇರೆಯೇ ಬರೆದಿತ್ತು. ಎರಡು ವರ್ಷ ನಮ್ಮ ಊರಿಗೆ ಬಂದ ಆಟದವರೆಲ್ಲ ನನ್ನ ಬಾಗಿಲಿಗೆ ಬದನೆಕಾಯಿ ಹಿಡಿದುಕೊಂಡೇ ಬಂದರು. ಅರವತ್ತು ಸಾವಿರ ಬದನೆಕಾಯಿ ಬಂದಿರಬೇಕು. ಓಣಿಯವರನ್ನು ಕೇಳಿದರೆ ಆರು ಸಾವಿರ ಎನ್ನುತ್ತಾರೆ. ದುಂಡವ್ವ ಹೇಳಿದ್ದನ್ನು ಹತ್ತರಿಂದ ಭಾಗಿಸಿ ಕೇಳಬೇಕು ಎಂಬುದು ನಮ್ಮ ಓಣಿಯ ಕೂಸುಗಳಿಗೂ ಗೊತ್ತು. ಆರು ಸಾವಿರವೇ ಇರಲಿ. ಅಷ್ಟು ಬದನೆಕಾಯಿ ತಿಂದರೆ ಮನುಷ್ಯರ ಬಣ್ಣವೇ ತಿರುಗುತ್ತದೆ.

ಆಟದವರು ಅಂದರೆ ನಮ್ಮ ಊರಿಗೆ ಆಡಲು ಬರುವವರು. ಯಾವ ಆಟ, ಗೆದ್ದವರಿಗೆ ಏನು ಸಿಗುತ್ತದೆ ಎಂದು ನಾವು ಕೇಳಿದವರಲ್ಲ. ಊರಬಾಗಿಲಿಂದ, ಮೂಡಣ ಅಗಸೆಯಿಂದ, ಒಳಗೆ ಬರುತ್ತಾರೆ. ಸೊಂಟದಲ್ಲಿ ಕತ್ತಿ, ಬೆನ್ನ ಮೇಲೆ ಚೀಲ, ನಡೆಯುವುದಕ್ಕಿಂತ ಜಿಗಿಯುವುದೇ ಹೆಚ್ಚು. ಬಾಗಿಲು ತೆರೆದಿದ್ದರೆ ಕೇಳದೆ ಮನೆಯೊಳಗೆ ನುಗ್ಗಿ ಗಡಿಗೆ ಒಡೆದು ಒಳಗೆ ಏನಿದೆ ಎಂದು ನೋಡುತ್ತಾರೆ. ಅದಕ್ಕೇ ಎಲ್ಲರ ಮನೆಯಲ್ಲೂ ಒಡೆಯುವುದಕ್ಕೆಂದೇ ಹೊಸ್ತಿಲ ಹತ್ತಿರ ಎರಡು ಕಚ್ಚಾ ಗಡಿಗೆ ಇರುತ್ತವೆ, ಉಪ್ಪಿನಕಾಯಿಯ ಭರಣಿ ಅಟ್ಟದ ಮೇಲೆ. ಅಡ್ಡ ನಿಂತವರನ್ನು ಬಾಗಿಲ ಪರದೆಯಂತೆ ಬದಿಗೆ ಸರಿಸಿ ಮುಂದೆ ಹೋಗುತ್ತಾರೆ. ಒಂದು ಮಾತೂ ಆಡುವುದಿಲ್ಲ.

ಆದರೆ ಅವರಿಗೂ ಒಂದು ಕಟ್ಟು ಇದೆ. ಆಟದವನೊಬ್ಬ ಯಾರಿಗಾದರೂ ಏನಾದರೂ ಕೊಟ್ಟನೆಂದರೆ, ಅದನ್ನು ತೆಗೆದುಕೊಂಡವರ ಮಾತು ಮುಗಿಯುವ ತನಕ ಅವನ ಕಾಲು ನೆಲದಿಂದ ಏಳುವುದಿಲ್ಲ. ಊರಿನವರೆಲ್ಲ ಕಾಯಿಯೋ ಹಣ್ಣೋ ತೆಗೆದುಕೊಂಡು "ಒಳ್ಳೇದಾಗ್ಲಿ" ಎಂದು ಎರಡೇ ಮಾತಿನಲ್ಲಿ ಬಿಟ್ಟುಬಿಡುತ್ತಿದ್ದರು. ನಾನು ಯಾಕೆ ಬಿಡಲಿ? ನನ್ನ ಗಂಡ ಬದುಕಿದ್ದಾಗ ನನ್ನ ಒಂದು ಕತೆಯೂ ಮುಗಿಯುವ ತನಕ ಎಚ್ಚರವಿದ್ದವನಲ್ಲ. ಸತ್ತದ್ದೂ ಹಾಗೆಯೇ, ನಾನು ಒಂದು ಮಾತಿನ ನಡುವೆ ಇದ್ದಾಗ. ಆಮೇಲೆ ಆರು ವರ್ಷ ಗೋಡೆಗಳಿಗೆ ಹೇಳಿದೆ. ಗೋಡೆಗಳೂ ಒಂದು ದಿನ ಎದ್ದು ಹೋಗುತ್ತಿದ್ದವೋ ಏನೋ, ಅಷ್ಟರಲ್ಲಿ ಬದನೆಕಾಯಿ ಹಿಡಿದ ಗಟ್ಟಿಮುಟ್ಟಾದ ಆಳು ಬಾಗಿಲಲ್ಲಿ ಬಂದು ನಿಂತ. ತೆಗೆದುಕೊಂಡೆ, ಮಾತು ಶುರು ಮಾಡಿದೆ. ಅವನು ಕತ್ತಿಯ ಹಿಡಿಯ ಮೇಲೆ ಕೈ ಇಟ್ಟು, ಕಣ್ಣು ಪಿಳಿಪಿಳಿ ಬಿಡುತ್ತಾ, ನಮ್ಮ ತಾಯಿಯ ಸೋದರಮಾವ ಹಾವನ್ನು ಸೊಂಟದ ಪಟ್ಟಿ ಮಾಡಿಕೊಂಡ ಕತೆಯನ್ನು ಪೂರ್ತಿ ಕೇಳಿದ.

ಅವತ್ತಿನಿಂದ ಬದನೆಕಾಯಿಯನ್ನು ಬಾಯಲ್ಲಿ ಬೈದೆ, ಕೈಯಲ್ಲಿ ಮಾತ್ರ ತೆಗೆದುಕೊಳ್ಳುತ್ತಲೇ ಬಂದೆ.

ಚೌಕ ಎಂದೆನಲ್ಲ, ಅದು ಪುಟದ ಮನೆಯದು. ಅಗಸೆಯ ಪಕ್ಕದಲ್ಲಿದೆ. ಊರಿನ ಪ್ರತಿ ಮನುಷ್ಯರಿಗೂ, ದನಕ್ಕೂ, ಮರಕ್ಕೂ, ಬಾವಿಗೂ ಅಲ್ಲಿ ಒಂದೊಂದು ಪುಟ. ಆಟದವರು ಊರೊಳಗೆ ಕಾಲಿಡುವ ಮೊದಲು ಅಲ್ಲಿ ನಿಂತು ಪುಟ ತಿರುವುತ್ತಾರೆ. ಉದ್ದದ ಬರಹ ಓದುವ ತಾಳ್ಮೆ ಅವರಿಗೆಲ್ಲಿಯದು? ಬಲಗಡೆಯ ಮೂಲೆಯಲ್ಲಿ ಗೆರೆ ಹಾಕಿದ ಚೌಕ ಇರುತ್ತದೆ, ಅದನ್ನಷ್ಟೇ ನೋಡುತ್ತಾರೆ. ನನ್ನದರಲ್ಲಿ ಹೀಗಿತ್ತು: ಹೆಸರು, ದುಂಡವ್ವ. ಬಗೆ, ಸಾಧು. ಇಷ್ಟ, ಬದನೆಕಾಯಿ. ಕೊಡುವುದು, ಹಾಲು, ಒಂದು ಬಟ್ಟಲು. ಸಾಧು ಎಂದು ಓದಿದ ದಿನ ಓಣಿಯ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬಳಂತೂ ಮೂರು ದಿನ ನಕ್ಕು ನಾಲ್ಕನೆಯ ದಿನ ಹೆತ್ತಳು.

ಮೊದಲು ಆ ಚೌಕಗಳನ್ನು ಮುದಿ ಬರಹಗಾರನೊಬ್ಬ ಕೈಯಿಂದ ತುಂಬುತ್ತಿದ್ದ. ಕೆಳಗೆ ನೆಲಮಾಳಿಗೆಯಲ್ಲಿ ಕಣಜ ಇದೆ. ಆಟದವರಲ್ಲ, ಈ ಆಟವನ್ನೇ ಮಾಡಿದವರು ಯಾರೋ, ಊರಿನ ಎಲ್ಲದರ ವಿವರವನ್ನೂ ಅಲ್ಲಿ ಸಾಲುಸಾಲಾಗಿ ತುಂಬಿಟ್ಟಿದ್ದಾರೆ. ಅದರಿಂದ ಕೇಳಬಹುದು, ಅದಕ್ಕೆ ನಾವು ಏನೂ ಹಾಕುವಂತಿಲ್ಲ. ಅಲ್ಲಿ ಒಂದು ಬದಲಾದರೆ ಮುದುಕ ಏಳುನೂರು ಪುಟ ಹುಡುಕಿ ತಿದ್ದಬೇಕು. ಒಂದು ದಿನ ಲೇಖನಿ ಕೆಳಗಿಟ್ಟು ಮನೆಗೆ ಹೋದವನು ಮತ್ತೆ ಬರಲಿಲ್ಲ. ಅವನ ಜಾಗಕ್ಕೆ ಸುಗಂಧಾ ಬಂದಳು. ಅವಳು ಚೌಕದಲ್ಲಿ ಉತ್ತರವನ್ನೇ ಬರೆಯುವುದಿಲ್ಲ, ಪ್ರಶ್ನೆ ಬರೆದಿಡುತ್ತಾಳೆ. ಅದಕ್ಕೆ ಅವಳು ಮಾಡ್ಯೂಲು ಎನ್ನುತ್ತಾಳೆ, ನನ್ನ ನಾಲಿಗೆಗೆ ಅದು ಹೊರಳುವುದಿಲ್ಲ, ನಾನು ಕೇಳುವ ಚೀಟಿ ಎನ್ನುತ್ತೇನೆ. ಯಾರಾದರೂ ಪುಟ ತೆರೆದರೆ ಸಾಕು, ಚೀಟಿ ಕಣಜಕ್ಕೆ ಇಳಿದು, ಇವರ ಬಗೆ ಏನು, ಇವರಿಗೆ ಏನು ಇಷ್ಟ ಎಂದು ಕೇಳಿ, ಬಂದದ್ದನ್ನು ಚೌಕದಲ್ಲಿ ತುಂಬುತ್ತದೆ. ಏಳುನೂರು ಪುಟಕ್ಕೂ ಅದೇ ಒಂದು ಚೀಟಿ. ಜಾಣ ಹುಡುಗಿ. ಊಟದ ಪಂಕ್ತಿಯಲ್ಲಿ ಬಡಿಸುವ ಗುರುಪಾದಪ್ಪನ ಮಗಳು ಅಂದಮೇಲೆ ಕೈ ಚುರುಕಿರಲೇಬೇಕು. ನಮ್ಮ ಊರಿನ ಪಂಕ್ತಿಯಲ್ಲಿ ಖಾಲಿ ಎಲೆ ಕಾಣಿಸಬಾರದು, ಅದು ಉಣ್ಣಲು ಬಂದವರಿಗೆ ಮಾಡಿದ ಅಪಮಾನ. ಬೇಕು ಎನ್ನಲೂ ಬೇಡ ಎನ್ನಲೂ ನಾಚುವವರಿದ್ದರೆ, ಹಿಂದಿನ ಎಲೆಯವರು ಏನು ಹಾಕಿಸಿಕೊಂಡರೋ ಅದನ್ನೇ ಇವರಿಗೂ ಹಾಕಿ ಮುಂದೆ ಹೋಗುವುದು ಪದ್ಧತಿ. ಗುರುಪಾದಪ್ಪನ ಬಕೆಟ್ಟು ಯಾವ ಎಲೆಯ ಮುಂದೆಯೂ ಎರಡು ಉಸಿರು ನಿಂತದ್ದಿಲ್ಲ.

ನನ್ನ ಎದುರು ಮನೆ ಭಟ್ಟಿ ಪರಸಪ್ಪನದು. ಚುರುಮುರಿ ಹುರಿಯುವವ. ಬಾಗಿಲಲ್ಲೇ ಭಟ್ಟಿ, ಬಾಣಲೆಯಲ್ಲಿ ಕಾದ ಉಸುಕು, ಅದರಲ್ಲಿ ಅಕ್ಕಿ ಬಿದ್ದರೆ ಮಲ್ಲಿಗೆಯಂತೆ ಅರಳುತ್ತದೆ. ನನಗಿಂತ ಹತ್ತು ವರ್ಷ ಚಿಕ್ಕವ, ನನ್ನಂತೆಯೇ ಒಂಟಿ, ಇರುವೆ ಕಂಡರೂ ದಾರಿ ಬಿಡುವ ಮನುಷ್ಯ. ಅವನ ಚೌಕದಲ್ಲಿ ಇಷ್ಟ ಎಂಬಲ್ಲಿ ಹಾಲು ಎಂದು ಬರೆದಿತ್ತು. ಪರಸಪ್ಪನಿಗೆ ಹಾಲು ಕುಡಿದರೆ ಹೊಟ್ಟೆ ಗುಡುಗುತ್ತದೆ. ನನ್ನ ಚೌಕದ ಪ್ರಕಾರ ನಾನು ಹಾಲು ಕೊಡಬೇಕು, ನನ್ನ ಹತ್ತಿರ ಎಮ್ಮೆ ಇಲ್ಲ. ಹಾಗಾಗಿ ಆಟದವರು ಅವನಿಗೆ ಕೊಟ್ಟ ಹಾಲನ್ನು ಅವನು ನನಗೆ ಕೊಡುತ್ತಿದ್ದ, ನಾನು ಅದನ್ನೇ ಬಟ್ಟಲಿಗೆ ಹಾಕಿ ಆಟದವರಿಗೆ ಕೊಡುತ್ತಿದ್ದೆ. ಬದಲಿಗೆ ಅವನಿಗೆ ಬುಟ್ಟಿ ತುಂಬ ಬದನೆಕಾಯಿ. ಅವನು ಎಣ್ಣೆಗಾಯಿ ಮಾಡಿದರೆ ಓಣಿಯ ಆ ತುದಿಯ ನಾಯಿಯೂ ಎದ್ದು ಬರುತ್ತಿತ್ತು. ಹೀಗೆ ನಮ್ಮ ಬದುಕು ಸುಸೂತ್ರ ನಡೆದಿತ್ತು. ಚೌಕದಲ್ಲಿ ಬರೆದದ್ದಕ್ಕೂ ನಮಗೂ ಏನು ಸಂಬಂಧ ಎಂದು ಇಬ್ಬರೂ ಕೇಳಿರಲಿಲ್ಲ.

ಹಿಂಗಾರಿನ ಹೊತ್ತಿಗೆ ಪಡುವಣ ಗುಡ್ಡದಲ್ಲಿ ಒಂದು ಕಾಡುಹಂದಿ ಕಾಣಿಸಿಕೊಂಡಿತು. ಆಟ ಮಾಡಿದವರು ಹೊಸದಾಗಿ ಬಿಟ್ಟದ್ದು. ನಾನು ಕಣ್ಣಾರೆ ನೋಡಿಲ್ಲ, ಆದರೂ ಹೇಳುತ್ತೇನೆ, ಎತ್ತಿನ ಬಂಡಿಯಷ್ಟಿತ್ತು. ಮಾರನೆಯ ದಿನ ಪರಸಪ್ಪನ ಬಾಗಿಲಿಗೆ ಮೂವರು ಆಟದವರು ಬಂದರು. ಹಾಲು ತಂದಿರಬೇಕು ಎಂದು ಅವನು ಕೈ ಚಾಚಿದ. ಅವರು ಕತ್ತಿಯ ಬೆನ್ನಿನಿಂದ ಅವನ ಹೆಗಲಿಗೆ, ಬೆನ್ನಿಗೆ, ಮತ್ತೆ ಹೆಗಲಿಗೆ ಬಾರಿಸಿದರು. ಅವನು ಕೆಳಗೆ ಬಿದ್ದ ಮೇಲೆ ಮೂವರೂ ಬಗ್ಗಿ ಅವನ ಸುತ್ತ ನೆಲವನ್ನು ತಡಕಾಡಿದರು. ಏನೂ ಸಿಗದೆ ಜಿಗಿಯುತ್ತಾ ಹೋದರು.

ನಾನು ಓಡಿಹೋಗಿ ಎಬ್ಬಿಸಿದೆ. ಅವನು ಪೆಟ್ಟಿಗಿಂತ ಆಶ್ಚರ್ಯಕ್ಕೇ ಹೆಚ್ಚು ನೊಂದಿದ್ದ.

"ದುಂಡಕ್ಕಾ, ನಾ ಇವರಿಗೆ ಏನ್ ಮಾಡೀನಿ?"

ಪುಟದ ಮನೆಗೆ ಹೋಗಿ ಅವನ ಪುಟ ತೆರೆಸಿದೆವು. ಬಗೆ, ವೈರಿ. ಹೊಡೆದರೆ ಸಿಗುವುದು, ಕೋರೆಹಲ್ಲು, ಎರಡು.

"ಕೊಟ್ಟ ಬಿಡೋ ಪರಸ್ಯಾ," ಎಂದೆ. "ಎರಡ ಹಲ್ಲಿಗಾಗಿ ಯಾಕ ಪೆಟ್ಟ ತಿಂತಿ?"

"ಬಾಯಾಗ ಇರೂವ ನಾಕು," ಎಂದ ಅವನು. "ಅದರಾಗ ಎರಡು ಅಲಗಾಡ್ತಾವ. ಕೇಳಿದ್ರ ನಾನ ಕಿತ್ತ ಕೊಡ್ತಿದ್ದೆ. ಕೇಳವಲ್ರಲ್ಲ."

ನಕ್ಕೆವು. ಅವತ್ತು ಇನ್ನೂ ನಗು ಬರುತ್ತಿತ್ತು. ಆ ವಾರದಲ್ಲಿ ಮತ್ತೆ ಎರಡು ಸಲ ಪೆಟ್ಟು ಬಿದ್ದ ಮೇಲೆ ನಗು ನಿಂತಿತು. ಅವನು ಬಾಗಿಲು ಹಾಕಿಕೊಂಡು ಕೂತ, ಭಟ್ಟಿ ತಣ್ಣಗಾಯಿತು. ಚುರುಮುರಿಯ ವಾಸನೆ ಇಲ್ಲದ ಓಣಿಯಲ್ಲಿ ಸಂಜೆ ಯಾವಾಗ ಆಗುತ್ತದೆ ಎಂಬುದೇ ತಿಳಿಯುತ್ತಿರಲಿಲ್ಲ. ನಾನು ಒಂದು ಇದ್ದಿಲ ತುಂಡು ಹಿಡಿದು ಪುಟದ ಮನೆಗೆ ಹೋಗಿ, ಅವನ ಚೌಕದಲ್ಲಿ ವೈರಿ ಎಂಬುದನ್ನು ಒರೆಸಿ, ಪಾಪದವ ಎಂದು ನನ್ನ ಕಾಗೆಕಾಲು ಅಕ್ಷರದಲ್ಲಿ ಬರೆದೆ. ಪುಟ ಮುಚ್ಚಿ ತೆರೆದರೆ ನನ್ನ ಇದ್ದಿಲೂ ಇಲ್ಲ, ಪಾಪದವನೂ ಇಲ್ಲ. ಚೀಟಿ ಮತ್ತೆ ಕೇಳಿಕೊಂಡು ಬಂದು ವೈರಿ ಎಂದೇ ಇಟ್ಟಿತ್ತು.

ಸುಗಂಧಾಳ ಮೇಜಿನ ಮುಂದೆ ನಿಂತೆ.

"ಪರಸ್ಯಾಂದೊಂದು ತಿದ್ದ ಮಗಳ. ನಾಳೆ ನಾಡದ ಸತ್ತಗಿತ್ತ ಹೋದಾನ."

"ಆಯಿ, ನಾ ಹತ್ತ ಸರೆ ಕೇಳಿ ನೋಡೀನಿ," ಎಂದಳು. ಅವಳ ಕಣ್ಣು ನಿದ್ದೆಗೆಟ್ಟು ಊದಿದ್ದವು. "ಪರಸಪ್ಪ ಅಂತ ಕೇಳಿದ್ರ ವೈರಿ ಅಂತನ ಬರ್ತೈತಿ. ಕಣಜದಾಗಿಂದು ನಾ ಹೆಂಗ ಅಳಿಸ್ಲಿ?"

"ಚೀಟಿಯೊಳಗ ಒಂದ ಸಾಲು ಬರಿ. ಪರಸಪ್ಪಗ ಮಾತ್ರ ಹಿಂಗ ಅಂತ."

ಅವಳು ತಲೆ ಅಲ್ಲಾಡಿಸಿದಳು. ಅದು ನನಗೂ ಗೊತ್ತಿದ್ದ ಮಾತೇ. ಚೀಟಿಯೊಳಗೆ ಯಾರ ಹೆಸರನ್ನೂ ಬರೆಯುವಂತಿಲ್ಲ. ಮೊದಲ ವರ್ಷ ಹಿರಿಯರೊಬ್ಬರ ಒತ್ತಾಯಕ್ಕೆ ಅವರ ಹೆಸರು ಬರೆದು ಬೇಕಾದದ್ದು ಹಾಕಿಕೊಟ್ಟಿದ್ದಳು. ವಾರದೊಳಗೆ ಅರ್ಧ ಊರು ಬಂದು ಸಾಲು ನಿಂತಿತು. ಚೀಟಿ ಹಾಸಿಗೆಯಷ್ಟಾಯಿತು, ಕೌದಿಯಷ್ಟಾಯಿತು, ಕಡೆಗೆ ತನ್ನ ಭಾರಕ್ಕೆ ತಾನೇ ಹರಿದುಹೋಯಿತು. ಮೂರು ದಿನ ಊರಿನ ಎಲ್ಲ ಚೌಕಗಳೂ ಬೆಳ್ಳಗೆ ಬಿದ್ದಿದ್ದವು. ಅಂದಿನಿಂದ ಆ ನೇಮ.

"ಹಂಗಾರ ಚೀಟಿ ಅತ್ಲಾಗಿಡು," ಎಂದೆ. "ಕಣಜಾನ ತೋರ್ಸು ನನಗ."

"ನಿನಗೇನ್ ತಿಳೀತದ ಆಯಿ ಅದರಾಗ?"

"ತಿಳೀಲಿಲ್ಲಂದ್ರ ತಂಪಗರ ಇರ್ತೈತಲ್ಲ, ಕುಂತ ಬರ್ತೀನಿ."

ದೀಪ ಹಿಡಿದು ಕೆಳಗೆ ಕರೆದುಕೊಂಡು ಹೋದಳು. ಗೋಡೆಯುದ್ದಕ್ಕೂ ಸಾಲುಗಳು, ಒಂದು ಹೆಸರಿನ ಕೆಳಗೆ ಇನ್ನೊಂದು ಹೆಸರು, ಶಾಲೆಯಲ್ಲಿ ಅಕ್ಷರ ಹೇಳಿಸುವ ಕ್ರಮದಲ್ಲಿ. ಎದುರಿಗೆ ಬಗೆ, ಇಷ್ಟ, ಕೊಡುವುದು ಎಂದೆಲ್ಲ ಮನೆ ಹಾಕಿತ್ತು. ಅಷ್ಟರಲ್ಲಿ ಮೇಲೆ ಆಟದವರು ಗಂಟೆ ಬಾರಿಸಿದರು, ಸುಗಂಧಾ ದೀಪವನ್ನು ನನ್ನ ಕೈಗೆ ಕೊಟ್ಟು ಓಡಿದಳು.

ನಾನು ಎರಡನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಅಕ್ಷರಕ್ಕೆ ಅಕ್ಷರ ಕೂಡಿಸಿ, ದೀಪ ಮೇಲೆ ಕೆಳಗೆ ಮಾಡುತ್ತಾ ಪರಸಪ್ಪನನ್ನು ಹುಡುಕಿದೆ. ಸಿಕ್ಕ. ಹೆಸರಿನ ಎದುರು ಏನೂ ಇರಲಿಲ್ಲ. ವೈರಿ ಎಂದೂ ಇಲ್ಲ, ಕೋರೆಹಲ್ಲು ಎಂದೂ ಇಲ್ಲ, ಗುಡಿಸಿದ ಅಂಗಳದಂತೆ ಬರಿದು. ದೀಪ ಒಂದು ಸಾಲು ಮೇಲೆತ್ತಿದೆ. ಪಡುವಣ ಕಾಡುಹಂದಿ. ವೈರಿ. ಕೋರೆಹಲ್ಲು, ಎರಡು. ಅದರ ಮೇಲಿನ ಸಾಲು, ಪಡಸಾಲೆ ಬೆಕ್ಕು. ಇಷ್ಟ, ಹಾಲು.

ಓದು ಬರೆಹ ಕಲಿತವರು ಬರೆದದ್ದನ್ನು ನೋಡುತ್ತಾರೆ. ನನ್ನಂಥವಳಿಗೆ ಖಾಲಿ ಜಾಗವೇ ಮೊದಲು ಕಾಣುತ್ತದೆ. ನೂರು ಪಂಕ್ತಿಯಲ್ಲಿ ಉಂಡವಳು ನಾನು. ಹಿಂದಿನ ಎಲೆಗೆ ಬಿದ್ದದ್ದು ಮುಂದಿನ ಎಲೆಗೆ. ಹುಡುಗಿ ಅಪ್ಪನ ಹಾಗೆಯೇ ಬಡಿಸಿದ್ದಳು. ಬೆಕ್ಕಿನ ಹಾಲು ಪರಸಪ್ಪನಿಗೆ ಬಿದ್ದಿತ್ತು, ನಡುವೆ ಹಂದಿ ಬಂದು ಕೂತ ದಿನ ಹಂದಿಯ ಪಾಲು ಬಿತ್ತು.

ಮೇಲೆ ಹೋಗಿ ಹೇಳಿಬಿಡಬೇಕೆಂದು ಮೆಟ್ಟಿಲಿಗೆ ಕಾಲಿಟ್ಟೆ. ಆಮೇಲೆ ಯಾಕೋ ತಿರುಗಿ ನನ್ನ ಹೆಸರನ್ನು ಹುಡುಕಿದೆ. ದುಂಡವ್ವ. ಎದುರಿಗೆ ಏನೂ ಇಲ್ಲ. ಮೇಲಿನ ಸಾಲು, ದಿಣ್ಣೆಯ ಆಡು. ಸಾಧು. ಬದನೆಕಾಯಿ. ಹಾಲು, ಒಂದು ಬಟ್ಟಲು.

ದೀಪದ ಎಣ್ಣೆ ಕೈ ಮೇಲೆ ಚೆಲ್ಲಿದ್ದು ಗೊತ್ತಾಗಲಿಲ್ಲ. ಎರಡು ವರ್ಷ ಆಡಿನ ಪಾಲಿನ ಬದನೆಕಾಯಿ ತೆಗೆದುಕೊಂಡಿದ್ದೆ. ಎರಡು ವರ್ಷ ಆಡಿನ ಪಾಲಿನ ಕಿವಿಗಳಿಗೆ ನನ್ನ ಕತೆ ಹೇಳಿದ್ದೆ. ಪರಸಪ್ಪನ ಎಲೆಯನ್ನು ಬರಿದು ಮಾಡಿದರೆ ನನ್ನದೂ ಬರಿದಾಗುತ್ತದೆ. ಬರಿದಾದ ಚೌಕದ ಮನೆಗೆ ಯಾವ ಆಟದವ ಬರುತ್ತಾನೆ?

"ಏನರ ತಿಳೀತೇನ ಆಯಿ?" ಎಂದು ಸುಗಂಧಾ ಮೇಲಿನಿಂದ ಕೇಳಿದಳು.

"ಕತ್ತಲಿ ಐತಿ," ಎಂದೆ. "ಏನೂ ಕಾಣವಲ್ದು."

ಮನೆಗೆ ಬಂದೆ. ಒಂದು ದಿನ ಹೋಯಿತು. ನಾಳೆ ಹೇಳೋಣ, ಇವತ್ತು ಒಬ್ಬನಾದರೂ ಬರುತ್ತಾನೆ ಎಂದುಕೊಂಡೆ. ಬಂದ, ನಮ್ಮ ಮದುವೆಯಲ್ಲಿ ಆನೆ ಓಡಿಹೋದ ಕತೆ ಹೇಳಿದೆ. ಎರಡನೆಯ ದಿನ ಇಬ್ಬರು ಬಂದರು. ಮೂರನೆಯ ದಿನ ಪರಸಪ್ಪ ಬಾಗಿಲು ತೆರೆಯಲೇ ಇಲ್ಲ, ಅವನು ಒಳಗೆ ಕ್ಷೇಮವಾಗಿದ್ದಾನೆ, ಅವಸರವೇನಿದೆ ಎಂದು ನನಗೆ ನಾನೇ ಹೇಳಿಕೊಂಡೆ. ನನಗೆ ನಾನು ಹೇಳಿಕೊಂಡದ್ದನ್ನು ಹತ್ತರಿಂದ ಭಾಗಿಸುವವರು ಯಾರೂ ಇರಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಅವನು ಬಾಗಿಲು ತೆರೆದ. ಡಬ್ಬಿಯಲ್ಲಿ ಕಾಳಿರಲಿಲ್ಲವೋ, ಕೂತು ಕೂತು ಸಾಕಾಯಿತೋ, ಭಟ್ಟಿ ಹೊತ್ತಿಸಿದ. ಅದೇ ಹೊತ್ತಿಗೆ ಕೆಂಪು ಟೊಪ್ಪಿಗೆಯ ಆಟದವನೊಬ್ಬ ನನ್ನ ಕೈಗೆ ಬದನೆಕಾಯಿ ಇಟ್ಟ. ಆಡು ತಲೆಯಲ್ಲೇ ಕೂತಿತ್ತಲ್ಲ, ಅದರ ಕತೆಯನ್ನೇ ಶುರು ಮಾಡಿದೆ. ದಿಣ್ಣೆಯ ಆಡಿಗೆ ಎರಡಾಳುದ್ದ ಕೊಂಬು, ಒಂದು ಸಲ ಅದು ಚಂದ್ರನನ್ನು ಹಲಸಿನ ಹಣ್ಣೆಂದು ತಿಳಿದು ಕೊಂಬಿನಿಂದ ಚುಚ್ಚಿ ಕೆಳಗೆ ಇಳಿಸಲು ಹೊರಟಿತು ಎಂದು ಹೇಳುತ್ತಿದ್ದೆ. ಕೆಂಪು ಟೊಪ್ಪಿಗೆಯವನ ಭುಜದಾಚೆ ನನಗೆ ಓಣಿ ಕಾಣುತ್ತಿತ್ತು. ಇನ್ನೊಬ್ಬ ಆಟದವ ಕತ್ತಿ ಎತ್ತಿಕೊಂಡು ಪರಸಪ್ಪನ ಹಿಂದಿನಿಂದ ಬರುತ್ತಿದ್ದ. ನೋಡಿದೆ. ಕೂಗಬಹುದಿತ್ತು. ಕೂಗಿದರೆ ನನ್ನ ಕತೆ ಅಲ್ಲಿಗೆ ತುಂಡಾಗುತ್ತದೆ, ಟೊಪ್ಪಿಗೆಯವನ ಕಾಲು ಬಿಡುಗಡೆಯಾಗುತ್ತದೆ. ಅಷ್ಟು ಯೋಚಿಸುವಷ್ಟು ಹೊತ್ತು ಇತ್ತು ಎನ್ನುವುದೇ ನನ್ನ ತಪ್ಪು. ಆಡು ದಿಣ್ಣೆಯ ತುದಿಗೆ ಹತ್ತಿತು ಎಂದು ಇನ್ನೊಂದು ಮಾತು ಹೇಳಿದೆ. ಪೆಟ್ಟು ಬಿತ್ತು. ಪರಸಪ್ಪ ಮುಂದಕ್ಕೆ ಮುಗ್ಗರಿಸಿ ಬಲಗೈಯನ್ನು ಕಾದ ಉಸುಕಿನಲ್ಲಿ ಊರಿದ.

ಅವನು ಕೂಗಿದ್ದನ್ನು ನಾನು ಹೇಳುವುದಿಲ್ಲ. ನನಗೆ ಎಲ್ಲವನ್ನೂ ದೊಡ್ಡದು ಮಾಡಿ ಹೇಳುವ ಚಟ, ಅದನ್ನು ಮಾತ್ರ ಇದ್ದಷ್ಟಕ್ಕಿಂತ ದೊಡ್ಡದು ಮಾಡಲು ನನ್ನಿಂದ ಆಗಲಿಲ್ಲ.

ಲೋಳೆಸರದ ಎಲೆ ಸೀಳಿ ಅವನ ಕೈಗೆ ಹಚ್ಚಿದೆ. ಬೆರಳುಗಳು ಊದಿ ನನ್ನ ಬುಟ್ಟಿಯಲ್ಲಿದ್ದ ಬದನೆಕಾಯಿಗಳಂತೆಯೇ ಆಗಿದ್ದವು. ಅವನು ಹೇಳಿದ:

"ಕೈ ಮಾದ ಮ್ಯಾಲೆ ನಾ ಹೋಗ್ತೀನಿ ದುಂಡಕ್ಕಾ. ಪಡುವಣ ಅಗಸಿ ದಾಟಿ."

ಆ ಅಗಸೆ ದಾಟಿದವರಿಗೆ ಪುಟ ಇಲ್ಲ. ಅವರು ಇದ್ದರು ಎಂಬುದೂ ಊರಿಗೆ ನಾಲ್ಕು ದಿನದಲ್ಲಿ ಮರೆತುಹೋಗುತ್ತದೆ.

"ಹೋಗಬ್ಯಾಡ," ಎಂದೆ. "ಸಂಜಿತನಾ ತಡಿ, ಆಮ್ಯಾಲ ಹೇಳು."

ಪುಟದ ಮನೆಗೆ ನಡೆದ ದಾರಿ ಅಷ್ಟು ಉದ್ದ ಇದ್ದದ್ದು ಅವತ್ತೇ. ಸುಗಂಧಾಳನ್ನು ಮೇಜಿನಿಂದ ಎಬ್ಬಿಸಿ, ಕೈ ಹಿಡಿದು ಕೆಳಗೆ ಎಳೆದುಕೊಂಡು ಹೋಗಿ, ದೀಪವನ್ನು ಪರಸಪ್ಪನ ಸಾಲಿಗೆ ಹಿಡಿದೆ.

"ಇದೇನೈತಿ ಓದು."

"ಪರಸಪ್ಪ," ಎಂದಳು. ಮುಂದೆ ಓದಲು ಬಾಯಿ ತೆರೆದವಳು ಹಾಗೆಯೇ ನಿಂತಳು.

"ಈಗ ಮ್ಯಾಲಿಂದ ಓದು."

ಓದಿದಳು. ಆಮೇಲೆ ನನ್ನ ಸಾಲಿಗೆ ದೀಪ ಹಿಡಿದೆ, ಅದನ್ನೂ ಓದಿದಳು. ಮೆಟ್ಟಿಲ ಮೇಲೆ ಕುಸಿದು ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

"ನಾನ ಬರೆದದ್ದ ಆಯಿ. ಖಾಲಿ ಇದ್ರ ಮ್ಯಾಲಿಂದ ಹಾಕು ಅಂತ. ಖಾಲಿ ಚೌಕ ಇಟ್ರ ಮಂದಿ ಮನಸಿಗೆ ಹತ್ತತದ ಅನಸ್ತು ನನಗ. ಅಪ್ಪ ಒಂದ ದಿನಾನೂ ಖಾಲಿ ಎಲಿ ಬಿಟ್ಟಾಂವಲ್ಲ."

"ನಿಮ್ಮಪ್ಪ ಬಡಿಸೂ ಪಂಕ್ತ್ಯಾಗ ಹಂದಿ ಕುಂದ್ರೂದಿಲ್ಲ ಮಗಳ," ಎಂದೆ. "ಇಲ್ಲಿ ಆಡು, ಹಂದಿ, ನಾನು, ಪರಸ್ಯಾ ಎಲ್ಲಾರೂ ಒಂದ ಸಾಲಿನ್ಯಾಗ ಕುಂತೀವಿ. ಖಾಲಿ ಇದ್ರ ಖಾಲಿ ಅಂತನ ಇಡು."

ಅವಳು ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದಳು. ಜಾಣ ಹುಡುಗಿ ಎಂದೆನಲ್ಲ.

"ಹಂಗಿಟ್ರ ನಿನ್ನದೂ ಖಾಲಿ ಆಗ್ತದ ಆಯಿ. ನಿನ್ನ ಬಾಗಲಿಗೆ ಯಾರೂ ಬರೂದಿಲ್ಲ."

"ಗೊತ್ತೈತಿ."

ಅವಳು ದನಿ ಇಳಿಸಿದಳು. "ನಿನ್ನ ಹೆಸರೊಂದನ್ನ ಚೀಟಿಯೊಳಗ ಸಣ್ಣಾಗಿ ಬರದ ಬಿಡ್ಲೇನು? ಯಾರಿಗೂ ಹೇಳೂದಿಲ್ಲ. ಬದನಿಕಾಯಿ ಇರ್ಲಿ ಅಂತ."

ಬರೆ ಎನ್ನುವ ಮಾತು ಹಲ್ಲಿನ ತನಕ ಬಂದಿತ್ತು. ಕೈಯಲ್ಲಿ ಇನ್ನೂ ಲೋಳೆಸರದ ಅಂಟು ಇತ್ತು.

"ಬ್ಯಾಡ," ಎಂದೆ. "ನನಗ ಬದನಿಕಾಯಿ ಸೇರೂದಿಲ್ಲ."

ಅವಳು ಮೇಲೆ ಹೋಗಿ ಚೀಟಿಯಲ್ಲಿ ಒಂದು ಸಾಲನ್ನು ಅಳಿಸಿ ಒಂದು ಸಾಲನ್ನು ಬರೆದಳು. ಅಷ್ಟೇ ಕೆಲಸ, ನಾನು ಎಲೆಗೆ ಸುಣ್ಣ ಹಚ್ಚಿ ಅಡಿಕೆ ಇಡುವಷ್ಟು ಹೊತ್ತು. ನಲವತ್ತಮೂರು ಚೌಕಗಳು ಒಂದೇ ಸಲಕ್ಕೆ ಬರಿದಾದವು. ಇದು ನಾನು ಹೇಳಿದ ಲೆಕ್ಕವಲ್ಲ, ಸುಗಂಧಾಳದು, ಭಾಗಿಸಬೇಡಿ. ಹೆಸರಿದ್ದ ಕಡೆ ಹೆಸರು, ಉಳಿದಲ್ಲೆಲ್ಲ ಒಂದು ಸಣ್ಣ ಅಡ್ಡಗೆರೆ. ಊರಿನಲ್ಲಿ ಗದ್ದಲ ಎದ್ದಿತು. ಕೆರೆಯ ಬದಿಯ ದರ್ಜಿಗೆ ಎರಡು ವರ್ಷದಿಂದ ಜೇನು ಬರುತ್ತಿತ್ತಂತೆ, ಮೇಲಿನ ಸಾಲು ಕರಡಿಯದು. ಅವನು ಸುಗಂಧಾಳ ಮುಂದೆ ನಿಂತು ಜೇನು ತನಗೆ ಹುಟ್ಟಿನಿಂದಲೇ ಇಷ್ಟ ಎಂದು ವಾದಿಸಿದ. ಅವಳು ಪರಸಪ್ಪನ ಕೈಯನ್ನು ನೋಡಿ ಬರಲು ಕಳಿಸಿದಳು. ನೋಡಿದ ಮೇಲೆ ಅವನು ಸುಟ್ಟ ಕೈಗೆ ತಾಗದಂತೆ ಪರಸಪ್ಪನಿಗೆ ಒಂದೇ ತೋಳಿನ ಅಂಗಿ ಹೊಲಿದುಕೊಟ್ಟ.

ಆಟದವರು ಬಂದರು. ನಮ್ಮ ಪುಟಗಳನ್ನು ತೆರೆದು, ಅಡ್ಡಗೆರೆ ನೋಡಿ, ಮುಂದಿನ ಪುಟ ತಿರುವಿದರು. ಓಣಿಯಲ್ಲಿ ಜಿಗಿಯುತ್ತಾ ಹೋದವರು ಪರಸಪ್ಪನ ಕಡೆ ತಿರುಗಿ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಕೆಂಪು ಟೊಪ್ಪಿಗೆಯವನು ನನ್ನ ಕಟ್ಟೆಯ ಮುಂದೆಯೇ ಹಾದುಹೋದ. ನಾನು ಎದ್ದು ನಿಂತಿದ್ದೆ. ಬಾವಿಯ ಗಡಗಡೆಯನ್ನು ನೋಡುವಂತೆ ನೋಡಿ ಮುಂದೆ ಹೋದ. ಅವನದೇನು ತಪ್ಪು, ಅವನು ಬಂದದ್ದು ಆಡಿನ ಹತ್ತಿರ.

ಹದಿನೈದು ದಿನ ನಾನು ಯಾರೊಂದಿಗೂ ಹೆಚ್ಚು ಮಾತಾಡಲಿಲ್ಲ. ಓಣಿಯವರು ನನಗೆ ಜ್ವರ ಬಂದಿದೆ ಎಂದುಕೊಂಡು ಗಂಜಿ ತಂದರು.

ಪರಸಪ್ಪ ಎಡಗೈಯಲ್ಲಿ ಸೌಟು ಹಿಡಿಯುವುದನ್ನು ಕಲಿತ. ಒಂದು ಮಧ್ಯಾಹ್ನ ಓಣಿಯ ತುಂಬ ಚುರುಮುರಿಯ ವಾಸನೆ ಬಂತು. ಸ್ವಲ್ಪ ಹೊತ್ತಿಗೆ ಅವನೇ ಓಣಿ ದಾಟಿ ಬಂದ. ಮೊರದಲ್ಲಿ ಬಿಸಿ ಚುರುಮುರಿ, ಮೇಲೆ ಎಣ್ಣೆ, ಉಳ್ಳಾಗಡ್ಡಿ, ಹುರಿದ ಶೇಂಗಾ, ನಡುವೆ ಒಂದು ಹಸಿಮೆಣಸಿನಕಾಯಿ. ಕಟ್ಟೆಯ ಮೇಲೆ ಮೊರ ಇಟ್ಟು ಅದರಾಚೆ ಕೂತ. ಇಬ್ಬರೂ ತಿಂದೆವು. ತಿನ್ನುವಾಗ ಸುಮ್ಮನಿರುವುದು ನನಗೆ ಅಭ್ಯಾಸವಿಲ್ಲ, ಆದರೂ ಸುಮ್ಮನಿದ್ದೆ. ಕಡೆಗೆ ಆಗಲಿಲ್ಲ.

"ಪರಸ್ಯಾ, ನಿನಗೊಂದು ಹೇಳಬೇಕು. ನಿನ್ನ ಸಾಲು ಖಾಲಿ ಐತಿ ಅಂತ ನನಗ ಮೊದಲ ಗೊತ್ತಿತ್ತು. ನಿನ್ನ ಕೈ ಸುಡೂಕಿಂತ ಮೊದಲ. ನನ್ನ ಬಾಗಲಿಗೆ ಮಂದಿ ಬರೂದು ನಿಂತೀತಂತ ಬಾಯಿ ಮುಚಗೊಂಡ ಕುಂತಿದ್ದೆ."

ಅವನ ದವಡೆ ನಿಂತಿತು.

"ಎಷ್ಟ ದಿನಾ?"

"ನಾಕ ದಿನಾ."

ಅವನು ಮೊರದೊಳಗೆ ಬೆರಳಾಡಿಸಿದ. "ಹತ್ತರಿಂದ ಭಾಗಿಸಿದ್ರ ಅರ್ಧಾ ದಿನಾನೂ ಆಗೂದಿಲ್ಲ ಬಿಡು."

"ಭಾಗಿಸಬ್ಯಾಡ. ನಾಕ ಅಂದ್ರ ನಾಕ. ಆ ದಿನಾ ಅಂವ ಹಿಂದಿಂದ ಬರೂದನ್ನೂ ನೋಡೀನಿ. ಒದರಲಿಲ್ಲ."

ಅವನು ತನ್ನ ಬಲಗೈಯನ್ನು ನೋಡಿಕೊಂಡ. ಚರ್ಮ ಹೊಸದಾಗಿ ಬಂದು ಕೂಸಿನ ಕೆನ್ನೆಯ ಬಣ್ಣದಲ್ಲಿತ್ತು, ಎರಡು ಬೆರಳು ಮಡಚುತ್ತಿರಲಿಲ್ಲ. ಅವನು ಏನಾದರೂ ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಎದ್ದ. ಓಣಿ ದಾಟಿ ಹೋದ. ಅವನು ಆಟದವನಲ್ಲವಲ್ಲ, ಅವನ ಕಾಲನ್ನು ಯಾವ ಕಟ್ಟೂ ಹಿಡಿದಿರಲಿಲ್ಲ. ನಾನು ಮೊರದ ಕಡೆಯೂ ನೋಡದೆ, ಅವನ ಬಾಗಿಲ ಕಡೆಯೂ ನೋಡದೆ, ನನ್ನ ಹೊಸ್ತಿಲಲ್ಲಿದ್ದ ಎರಡು ಕಚ್ಚಾ ಗಡಿಗೆಗಳನ್ನು ನೋಡುತ್ತಾ ಕೂತೆ. ಎಷ್ಟು ದಿನವಾಗಿತ್ತೋ ಅವುಗಳನ್ನು ಯಾರೂ ಒಡೆದಿರಲಿಲ್ಲ.

ಭಟ್ಟಿಗೆ ಹೊಟ್ಟು ಸುರಿಯುವ ಸದ್ದು ಕೇಳಿಸಿತು. ಆಮೇಲೆ ಚಪ್ಪಲಿಯ ಸದ್ದು. ಪರಸಪ್ಪ ತಿರುಗಿ ಬಂದು ಅದೇ ಜಾಗದಲ್ಲಿ ಕೂತ.

"ಆ ದಿನಾ ಅಂವ ಬಂದದ್ದು ನನಗ್ಯಾಕ ಗೊತ್ತಾಗಲಿಲ್ಲ ಹೇಳು," ಎಂದ.

"ಬೆನ್ನ ಹಿಂದ ಬಂದ."

"ಬೆನ್ನ ಹಿಂದ ಬಂದ್ರ ಕಾಲಿನ ಸಪ್ಪಳ ಕೇಳೂದಿಲ್ಲೇನು? ನಿನ್ನ ಕತಿ ಕೇಳಾಕತ್ತಿದ್ದೆ. ಎರಡ ವರ್ಷ ಆತು ಭಟ್ಟಿ ಮುಂದ ಕುಂತು ನಿನ್ನ ಎಲ್ಲಾ ಕತೀನೂ ಕೇಳೀನಿ. ಆ ಟೊಪ್ಪಿಗಿ ಮಂದಿಗೆ ಏನ್ ತಿಳೀತಿತ್ತ ಅವು, ಕಲ್ಲ ನಿಂತಂಗ ನಿಂತಿರ್ತಿದ್ವು." ಎಡಗೈಯಲ್ಲಿ ಒಂದು ಹಿಡಿ ಚುರುಮುರಿ ತೆಗೆದುಕೊಂಡ. "ಆಡಿಂದೊಂದ ಅರ್ಧಕ್ಕ ನಿಂತೈತಿ. ದಿಣ್ಣಿ ತುದಿಗೆ ಹತ್ತಿತ್ತು. ಮುಂದ?"

ಮೆಣಸಿನಕಾಯಿ ಖಾರ ಎಂದು ಹೇಳಿ ನೀರು ಕುಡಿದೆ. ಮೊದಲಿನಿಂದಲೇ ಶುರು ಮಾಡಿದೆ. ದಿಣ್ಣೆಯ ಮೇಲೆ ಒಂದು ಆಡು ಇತ್ತು, ಅದಕ್ಕೆ ಗೇಣುದ್ದದ ಕೊಂಬು ಎಂದೆ.

ಅವನು ಬಾಯಿಗೆ ಒಯ್ಯುತ್ತಿದ್ದ ಕೈಯನ್ನು ತಡೆದ.

"ಗೇಣ? ಆ ದಿನಾ ಎರಡಾಳುದ್ದ ಅಂದಿದ್ದಿ."

"ಎರಡಾಳನ ಇರ್ಲೇನು?"

"ಚಂದ್ರನ್ನ ಇಳಸಬೇಕಲ್ಲ," ಎಂದ ಪರಸಪ್ಪ. "ಗೇಣ ಕೊಂಬಿಗೆ ಎಟಕತದೇನು?"